ಏಕಗವಾಕ್ಷಿ

ಹೆಸರು ಏಕಗವಾಕ್ಷಿ. ನಿಜಕ್ಕೂ ಕಿಟಕಿ ಮೂರು.
ಒಂದಕ್ಕೆ ಕಪಾಟು ಅಡ್ಡ. ಇನ್ನೊಂದರ ಅಗಳಿ
ತುಕ್ಕು ಹಿಡಿದು ಹದಿನೆಂಟು ಮಳೆಗಾಲವಾಯಿತು.
ಉಳಿದದ್ದರ ಹಿಂದೆ ನಾನು, ಗುನಗಾ,
ಕೈಗಾರಿಕಾ ಕೇಂದ್ರದ ಆವಕ ಜಾವಕ ವಿಭಾಗ.
ಎದ್ದು ಕತ್ತು ಚಾಚಿದರೆ
ಬೈತಖೋಲದ ದೋಣಿಗಳ ಕೋಲು ಕಾಣುತ್ತವೆ,
ಕೂತರೆ ಕಡತ.

ಶೇವಂತಿ ತಾಂಡೇಲ ಬಂದದ್ದು ಮೀನು ಮುಗಿಸಿ,
ಖಾಲಿ ಬುಟ್ಟಿಯನ್ನು ಗೇಟಿನವನು ಹೊರಗೇ ಇಡಿಸಿದ.
ಬೇಕಿದ್ದದ್ದು ಮಂಜುಗಡ್ಡೆಯ ಯಂತ್ರ,
ದಿನಕ್ಕೆ ಅರ್ಧ ಟನ್ನಿನದು. ಹನ್ನೊಂದು ಹೆಂಗಸರ ಸಂಘ.
ಅಂದಾಜು ನಾಲ್ಕು ಲಕ್ಷ ಎಂಬತ್ತು ಸಾವಿರ.
"ಟ್ರಾಲರಿಗೆ ತುಂಬಿ ಉಳಿದ ಚೂರು ನಮಗೆ," ಅಂದಳು,
"ಹನ್ನೆರಡರ ಬಿಸಿಲಿಗೆ ಬಾಂಗಡೆಯ ಕಣ್ಣು ಕೆಂಪಾಗ್ತದೆ,
ಗಿರಾಕಿಯ ಬಾಯಿ ಸಣ್ಣದಾಗ್ತದೆ."

ನಮೂನೆ ತುಂಬಿದೆವು.
ಉತ್ಪನ್ನ?
"ಥಂಡಿ."
ಕಚ್ಚಾವಸ್ತು?
"ನೀರು. ನಳದಲ್ಲಿ ಬಂದರೆ."
ಸೃಷ್ಟಿಯಾಗುವ ಉದ್ಯೋಗ?
"ಸೃಷ್ಟಿ ಗಿಷ್ಟಿ ಇಲ್ಲ ಮಾರಾಯ.
ಇದ್ದದ್ದು ಕೊಳೀಬಾರದು, ಅಷ್ಟೇ."
ಹನ್ನೊಂದು ಎಂದು ಬರೆದುಕೊಂಡೆ.

ಆಮೇಲೆ ಆಕ್ಷೇಪಣೆ ಇಲ್ಲವೆಂಬ ಪತ್ರಗಳು:
ಬಂದರಿನದು, ಕರಾವಳಿ ವಲಯದ್ದು, ವಿದ್ಯುತ್ತಿನದು,
ಮಾಲಿನ್ಯ ಮಂಡಳಿಯದು (ನೀರು ಗಡ್ಡೆಯಾಗುವಾಗ
ಹೊಗೆ ಏಳುವುದಿಲ್ಲವೆಂದು ಯಾರಾದರೂ ಬರೆದುಕೊಡಬೇಕು),
ನಗರಸಭೆಯದು, ಅಗ್ನಿಶಾಮಕದ್ದು.
ಮಂಜಿಗೆ ಅಗ್ನಿಶಾಮಕ ಯಾಕೆ ಅಂತ ಅವಳು ಕೇಳಲಿಲ್ಲ.
ನಾನೂ ಮೂವತ್ತೊಂದು ವರ್ಷದಲ್ಲಿ ಕೇಳಿದವನಲ್ಲ.

ಆ ತಿಂಗಳೇ ದೇವಬಾಗದ ರೆಸಾರ್ಟಿನಲ್ಲಿ
ಹೂಡಿಕೆದಾರರ ಸಮಾವೇಶ.
ಪರದೆಯ ಮೇಲೆ ಅಮೆರಿಕದ ಒಂದು ರಾಜ್ಯ,
ಅಳತೆಪಟ್ಟಿ ಇಟ್ಟು ಕೊಯ್ದ ಬರ್ಫಿಯ ಹಾಗೆ ಚಚ್ಚೌಕ.
ಅಲ್ಲಿ ಬೆಳಿಗ್ಗೆ ಅರ್ಜಿ, ಮಧ್ಯಾಹ್ನ ಕಾರ್ಖಾನೆ,
ಸರ್ಕಾರವೇ ಬಾಗಿಲಿಗೆ ಬಂದು ಭೂಮಿ ಬೇಕೇ ಅನ್ನುತ್ತದಂತೆ.
ಕೆಂಪು ಗೆರೆ ಎಡದ ಮೂಲೆಯಿಂದ ಎದ್ದು
ಸೀಲಿಂಗಿನ ಪಂಖದವರೆಗೆ ಹೋಯಿತು.
ನಮ್ಮ ಜಿಲ್ಲೆಯೂ ಹೀಗಾಗಬೇಕು ಎಂದ ಸಲಹೆಗಾರ.
ಅಲ್ಲಿ ಸಮುದ್ರ ಉಂಟೇ, ಅಂದರು
ಮೀನುಗಾರಿಕೆಯ ಉಪನಿರ್ದೇಶಕರು.
ಇಲ್ಲ.
ಚಹಾ ಬಂತು.

ಒಡಂಬಡಿಕೆಗಳನ್ನು ಟೈಪು ಮಾಡಿದವನು ನಾನು.
ಕೀಲಿಮಣೆಯಲ್ಲಿ ಅಕ್ಷರವೆಲ್ಲ ನೆಟ್ಟಗಿವೆ,
ಸೊನ್ನೆಯ ಗುಂಡಿ ಮಾತ್ರ ಬೋಳಾಗಿದೆ,
ಬೆರಳಿಗೆ ದಾರಿ ಗೊತ್ತು.

ಶ್ರಾವಣದಲ್ಲಿ, ದೋಣಿ ಮತ್ತೆ ಇಳಿದ ವಾರ,
ಕಿಟಕಿಯಲ್ಲಿ ಶೇವಂತಿ. ಅರ್ಜಿ ವಾಪಸು ಬೇಕಂತೆ.
ಮಡಗಾವಿನಲ್ಲಿ ಐಸ್‌ಕ್ರೀಮಿನ ಅಂಗಡಿಯೊಂದು ಮುಚ್ಚಿತು,
ಅದರ ಎರಡು ಪೆಟ್ಟಿಗೆ ಟೆಂಪೋದಲ್ಲಿ ಬಂದವು.
ಮಾಜಾಳಿ ನಾಕೆಯಲ್ಲಿ ಖರ್ಚಾದದ್ದು ಒಂದು ಇಸ್ವಾಣ.
ಮುಚ್ಚಳದ ಮೇಲೆ ಇನ್ನೂ ಹಿಮಕರಡಿ
ಕೋನು ನೆಕ್ಕುತ್ತಿದೆ,
ಒಳಗೆ ಬಾಂಗಡೆ, ಲೇಪೆ, ಒಂದು ಹಿಡಿ ಶೆಟ್ಲಿ.

ಹಿಂಪಡೆಯಲು ನಮೂನೆ ಇಲ್ಲ ಎಂದೆ.
ಅಲ್ಲದೆ ನಿಮ್ಮದು ವರದಿಯಲ್ಲಿ ಸೇರಿಹೋಗಿದೆ,
ಪ್ರಸ್ತಾವಿತ ಹೂಡಿಕೆ, ಕ್ರಮ ಸಂಖ್ಯೆ ಅರವತ್ತೆರಡು.
ಅವಳು ಕತ್ತು ಒಳಗೆ ಹಾಕಿ ಪರದೆ ನೋಡಿದಳು.
ಹೆಸರು ಇತ್ತು.
ಹೆಸರಿನ ಎದುರು ಸೊನ್ನೆ.
ಕೋಟಿಗೆ ಸರಿಹೊಂದಿಸಿದ್ದಾರೆ, ಬಿಡಿ ಉಳಿಯುವುದಿಲ್ಲ, ಎಂದು ತಿಳಿಸಿದೆ.

"ಹಾಗಾದರೆ ನಾನು ಇದ್ದೇನೋ, ಇಲ್ಲವೋ?"
ಪಟ್ಟಿಯಲ್ಲಿ ಇದ್ದೀರಿ.
ಮೊತ್ತದಲ್ಲಿ ಇಲ್ಲ.

ನಕ್ಕಳು. ಜೋರಾಗಿ, ಗೇಟಿನವನು ತಿರುಗುವಷ್ಟು.
ಆಮೇಲೆ ಸದಾಶಿವಗಡದ ಕಡೆ ಗಲ್ಲ ಎತ್ತಿ
"ಗಾಳಿ ತಿರುಗಿತು, ಕಿಟಕಿ ಹಾಕಿಕೊ,
ನಿನ್ನ ಕೋಟಿ ಹಾರಿ ಹೋದೀತು" ಅಂದು
ಬುಟ್ಟಿ ಎತ್ತಿದಳು.
ಹಲಗೆಯ ಮೇಲೆ ಅವಳ ಕೈಯ ತೇವ
ಆವಕ ಪುಸ್ತಕದ ಒಂದು ಸಾಲು ನೀಲಿ ಮಾಡಿತ್ತು.

ಸಂಜೆ ಹಾಕಲು ಹೋದರೆ ಕಿಟಕಿ ಕೂರಲಿಲ್ಲ.
ಉಪ್ಪುಗಾಳಿಗೆ ಚೌಕಟ್ಟು ಉಬ್ಬಿದೆ.
ದುರಸ್ತಿ ಕೋರಿ ಲೋಕೋಪಯೋಗಿಗೆ ಬರೆದೆ,
ಜಾವಕ ಸಂಖ್ಯೆ ಕೊಟ್ಟೆ,
ಕಾಗದದ ಮೇಲೆ ಕಲ್ಲು ಇಟ್ಟು ಮನೆಗೆ ಹೊರಟೆ.